ಅಪ್ಪನ ಕಾರಿನ ಸ್ಟೀರಿಂಗ್

ಮನಸ್ಸು ಮೊದಲು ತಿರುಗಬೇಕು, ಕಾಲು ಆಮೇಲೆ ಎಂದು ಆ ಮಠದಲ್ಲಿ ಎಲ್ಲರೂ ನಂಬಿದ್ದರು. ನಂಬುವುದಕ್ಕೆ ತೊಂದರೆಯೇನೂ ಇರಲಿಲ್ಲ. ಅಲ್ಲಿ ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ.

“ಬುದ್ಧಿ, ಇದಕ್ಕಿಂತ ಬಲವಾದ ಮಂತ್ರ ಯಾವುದಾದರೂ ಇದೆಯೇ?” ಎಂದು ಶಿಷ್ಯ ರುದ್ರಮುನಿ ಗುರುಗಳನ್ನು ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಊರಿನಲ್ಲಿ ಅವನ ಅಣ್ಣನಿಗೆ ಲಕ್ವ ಹೊಡೆದಿತ್ತು. ತಮ್ಮನನ್ನು ನೋಡಬೇಕೆನ್ನುತ್ತಿದ್ದಾರೆ, ಮಾತು ಪೂರ್ತಿ ನಿಲ್ಲುವುದರೊಳಗೆ ಬಂದುಬಿಡು ಎಂದು ಅತ್ತಿಗೆ ಫೋನು ಮಾಡಿದ್ದರು. ಆದರೆ ತಾಯಿ ಸತ್ತಾಗ ಇದೇ ಅಣ್ಣ ತಮ್ಮನಿಗಾಗಿ ಕಾಯದೆ ಮಣ್ಣು ಮಾಡಿ ಮುಗಿಸಿದ್ದ. ಅಂದಿನಿಂದ ರುದ್ರಮುನಿ ಅವನ ಮುಖ ನೋಡಿರಲಿಲ್ಲ. ಹೊಟ್ಟೆಯಲ್ಲಿ ಇಷ್ಟು ಸಿಟ್ಟಿಟ್ಟುಕೊಂಡು ರೋಗಿಯ ಹಾಸಿಗೆಯ ಬಳಿ ನಿಲ್ಲುವುದು ಹೇಗೆ? ಮನಸ್ಸು ಅಣ್ಣನ ಕಡೆಗೆ ತಿರುಗಲಿ, ಆಮೇಲೆ ಹೊರಡೋಣ ಎಂದು ಜಪಕ್ಕೆ ಕುಳಿತ. ತಿರುಗಲಿಲ್ಲ. ಕಂಬ ಬದಲಿಸಿ ಕುಳಿತ. ಊಟ ಬಿಟ್ಟ, ಮತ್ತೆ ಹಿಡಿದ. ಅವನ ಊರಿನ ಬಸ್ಸು ದಿನವೂ ಮಠದ ಮುಂದೆ ನಿಂತು, ಹಾರನ್ ಹೊಡೆದು ಹೋಗುತ್ತಿತ್ತು. ಆಗೆಲ್ಲ ಅವನ ಕೈಯಲ್ಲಿ ರುದ್ರಾಕ್ಷಿ ಬೇಗಬೇಗ ಓಡುತ್ತಿತ್ತು.

“ಕೂತುಕೋ,” ಎಂದರು ಗುರುಗಳು.

“ಕೂತೇ ಇದ್ದೇನೆ, ಬುದ್ಧಿ.”

“ಅದನ್ನೇ ನೋಡುತ್ತಿದ್ದೇನೆ,” ಎಂದು ಗುರುಗಳು ಕತೆ ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ಅಪ್ಪ ಒಂದು ಹಳೆಯ ಕಾರು ಬಿಟ್ಟುಹೋಗಿದ್ದ. ಮುಪ್ಪಿನವರೆಗೂ ಅದನ್ನು ತಾನೇ ಓಡಿಸಿದವನು. ಆ ಸ್ಟೀರಿಂಗ್ ತಿರುಗಿಸಲು ಉಕ್ಕಿನ ತೋಳು ಬೇಕು, ಆತನಿಗೆ ಅಂಥ ತೋಳಿತ್ತು ಎಂದು ಊರೆಲ್ಲ ಹೇಳುತ್ತಿತ್ತು.

ಮಗ ಶೆಡ್ಡಿನಲ್ಲಿ ಕಾರು ಹತ್ತಿ ಕುಳಿತ. ಬಾಗಿಲು ದಾಟುತ್ತಲೇ ಗಾಡಿ ಬಲಕ್ಕೆ ಹೊರಳಬೇಕು. ಚಕ್ರಗಳು ಮೊದಲು ರಸ್ತೆಯ ಕಡೆ ತಿರುಗಲಿ, ಆಮೇಲೆ ಗಾಡಿ ಬಿಡೋಣ ಎಂಬುದು ಅವನ ಲೆಕ್ಕ. ಎರಡೂ ಕೈ ಹಾಕಿ ಜಗ್ಗಿದ. ಅಂಗಿ ತೊಯ್ದುಹೋಯಿತು. ಚಕ್ರ ಅಲುಗಲಿಲ್ಲ. ಎದುರುಮನೆಯ ಜಗಲಿಯಿಂದ ಒಬ್ಬ ಕೂಗಿ ಕೇಳಿದ: “ಏನ್ ಸಾವ್ಕಾರ್ರೇ, ರಾಗಿ ಎಷ್ಟು ಸೇರು ಬೀಸಿದ್ರಿ?”

ವ್ಯಾಪಾರಿ ಮರುದಿನವೇ ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಪವರ್ ಸ್ಟೀರಿಂಗ್ ಹಾಕು ಎಂದ. ಮೇಸ್ತ್ರಿ ಗುಜರಿಗೆ ಬಂದಿದ್ದ ಹೊಸ ಕಾರೊಂದರ ಸ್ಟೀರಿಂಗ್ ಮೋಟರು ಬಿಚ್ಚಿ ತಂದ. ಹಳೆಯ ಕಾರಿನ ಸ್ಟೀರಿಂಗ್ ರಾಡು ಕತ್ತರಿಸಿ, ನಡುವೆ ಅದನ್ನು ಕೂಡಿಸಿ ವೆಲ್ಡ್ ಮಾಡಿದ. ಈಗ ಒಂದೇ ಬೆರಳಿಗೆ ತಿರುಗುತ್ತಿತ್ತು. ಜಗಲಿಯವರಿಗೆ ಕಾಣುವಂತೆ ವ್ಯಾಪಾರಿ ಶೆಡ್ಡಿನಲ್ಲಿ ಕುಳಿತು ಅತ್ತ ಇತ್ತ ತಿರುಗಿಸಿ ತೋರಿಸಿದ. ತೋರಿಸುತ್ತಿದ್ದಂತೆಯೇ ಬ್ಯಾಟರಿ ಇಳಿದುಹೋಯಿತು. ಸ್ಟೀರಿಂಗ್ ಮೊದಲಿಗಿಂತ ಬಿಗಿಯಾಯಿತು.

ದೊಡ್ಡ ಬ್ಯಾಟರಿ ಹಾಕಿಸಿದ. ಅದಕ್ಕೆ ಕರೆಂಟು ತುಂಬಲು ಹಳೆಯ ಡೈನಮೊ ಸಾಲಲಿಲ್ಲ, ಅದನ್ನೂ ಬದಲಿಸಿದ. ಹೊಸದಕ್ಕೆ ಎಂಜಿನ್ ಪಕ್ಕದಲ್ಲಿ ಜಾಗವಿರಲಿಲ್ಲ, ಅಲ್ಲಿಯೂ ಕತ್ತರಿಸಿದರು. ಕಾರು ಹಗ್ಗ ಕಟ್ಟಿಸಿಕೊಂಡು ಶೆಡ್ಡಿನಿಂದ ಗ್ಯಾರೇಜಿಗೂ ಗ್ಯಾರೇಜಿನಿಂದ ಶೆಡ್ಡಿಗೂ ತಿರುಗಾಡಿತು. ತಾನಾಗಿ ಎಲ್ಲಿಗೂ ಹೋಗಲಿಲ್ಲ. ವ್ಯಾಪಾರಿಗೆ ನಿದ್ದೆಯೂ ಹೋಯಿತು.

“ಅಪ್ಪನ ತೋಳು ನನಗೆ ಬರ್ಲಿಲ್ಲವಲ್ಲ, ಅವ್ವ,” ಎಂದ ಒಂದು ದಿನ.

ತಾಯಿ ನಕ್ಕುಬಿಟ್ಟಳು. “ಯಾರ ತೋಳು? ನಿಮ್ಮಪ್ಪಂದಾ? ಉಪ್ಪಿನಕಾಯಿ ಜಾಡಿ ಇಳಿಸೋಕೂ ನನ್ನನ್ನೇ ಕೂಗ್ತಿದ್ರು.”

“ಹಂಗಾದ್ರೆ ಆ ಸ್ಟೀರಿಂಗ್ ಹೆಂಗೆ ತಿರುಗಿಸ್ತಿದ್ರು?”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ದೂರದ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ರುದ್ರಮುನಿಯ ಕೈಯಲ್ಲಿ ಮಣಿಗಳು ಓಡತೊಡಗಿದವು. ಮಂತ್ರ ಕೇಳಿದರೆ ಕಾರಿನ ಕತೆ ಹೇಳುವ ಗುರುಗಳ ಮೇಲೆ ಅವನಿಗೆ ಸಿಟ್ಟೇ ಬಂದಿತ್ತು. ಆದರೂ ಕೇಳದೆ ಇರಲಾಗಲಿಲ್ಲ.

“ಹೇಗೆ ತಿರುಗಿಸುತ್ತಿದ್ದನಂತೆ, ಬುದ್ಧಿ?”

ಗುರುಗಳು ಒಂದೇ ಮಾತು ಹೇಳಿದರು. ಅದಾದ ಮೇಲೆ ರುದ್ರಮುನಿ ಮಂತ್ರದ ಸುದ್ದಿ ಎತ್ತಲಿಲ್ಲ.

“ನಿಂತ ಗಾಡಿಯ ಸ್ಟೀರಿಂಗನ್ನು ಆತ ಮುಟ್ಟುತ್ತಲೇ ಇರಲಿಲ್ಲ; ಗಾಡಿ ಹೊರಟಿತೆಂದರೆ ಅದು ತಾನೇ ಹಗುರವಾಗುತ್ತದೆ.”