ಕೊಂಬು ಊದದೆ ಸಾಯೋದಿಲ್ಲ ಅಂದ ಕೆಂಚಜ್ಜಿ

ಒಂದಾನೊಂದು ಕಾಲದಲ್ಲಿ, ಮೋಡ ಮನೆಬಾಗಿಲಿಗೇ ನಡೆದು ಬರುವಷ್ಟು ಎತ್ತರದ ಒಂದು ಬೆಟ್ಟದಲ್ಲಿ ಮೂರು ಕುಲದವರು ಇದ್ದರಂತೆ. ನೆತ್ತಿಯ ಹುಲ್ಲುಗಾವಲಲ್ಲಿ ಎಮ್ಮೆಯವರು, ನಡುವಿನ ಇಳಿಜಾರಲ್ಲಿ ರಾಗಿಯವರು, ಬುಡದ ಕಾಡಂಚಿನಲ್ಲಿ ಕೊಂಬಿನವರು. ಎಮ್ಮೆಯವರು ಹಾಲು ಮಜ್ಜಿಗೆ ಕೊಡೋರು, ರಾಗಿಯವರು ರಾಗಿ ಕೊಡೋರು, ಕೊಂಬಿನವರು ಮಡಕೆ ಮಾಡಿ ಕೊಡೋರು. ಯಾರ ಮನೇಲಿ ಸಾವಾದರೂ ಕೊಂಬು ಊದೋರು ಮಾತ್ರ ಕೊಂಬಿನವರೇ. ಆ ದನಿ ಕೇಳದಿದ್ದರೆ ಹೋದ ಜೀವಕ್ಕೆ ದಾರಿ ಸಿಗೋದಿಲ್ಲ, ಬೆಟ್ಟವನ್ನೇ ಸುತ್ತುತ್ತಾ ಇರುತ್ತೆ ಅಂತ ಎಲ್ಲರೂ ನಂಬಿದ್ದರಂತೆ.

ಹಾಗಂತ ಅವರಲ್ಲಿ ಬಲು ಪ್ರೀತಿ ಇತ್ತು ಅಂದುಕೋಬೇಡಿ. ದೇವರು ಮೊದಲು ಮಾಡಿದ್ದು ನಮ್ಮನ್ನು, ಆಮೇಲೆ ಕೈ ಕೊಡವಿದಾಗ ಉದುರಿದ ಮಣ್ಣಲ್ಲಿ ಹುಟ್ಟಿದ್ದು ಉಳಿದವರು ಅಂತ ಮೂರು ಕೇರಿಯಲ್ಲೂ ಮಕ್ಕಳಿಗೆ ಹೇಳಿಕೊಡೋರು. ಆದರೂ ಸಂಜೆಯಾದರೆ ಮೂರು ಕೇರಿಯಲ್ಲೂ ಒಲೆ ಉರಿಯೋದು.

ಎಮ್ಮೆಯವರ ಯಜಮಾನ ಕೇತ. ಎದೆ ಮುಂದೆ, ಹೊಟ್ಟೆ ಅದಕ್ಕೂ ಮುಂದೆ. ಒಂದು ದಿನ ಬಯಲುಸೀಮೆಯಿಂದ ಒಬ್ಬ ಅಯ್ಯ ಏದುಸಿರು ಬಿಡುತ್ತಾ ಅವನ ಮನೆಗೆ ಬಂದನಂತೆ. ಬೆಣ್ಣೆ ತಿಂದ, ತುಪ್ಪ ಕುಡಿದ, ತೇಗಿದ. ತೇಗಿ ಹೇಳಿದ: "ಯಜಮಾನಾ, ನಿಮ್ಮ ಮುಖ ನೋಡಿದರೇ ತಿಳಿಯುತ್ತೆ, ನೀವು ಸೂರ್ಯನ ಮಕ್ಕಳು. ಅಂಥವರು ಆ ಕಾಡಂಚಿನವರು ತಟ್ಟಿದ ಮಡಕೇಲಿ ಹಾಲು ಕಾಯಿಸೋದೇ? ಆ ಇಳಿಜಾರಿನವರ ರಾಗಿ ಉಣ್ಣೋದೇ? ಶಿವ ಶಿವಾ!"

ಕೇತನ ಮೈ ಉಬ್ಬಿಹೋಯಿತು. ಮಾರನೇ ದಿನವೇ ಮನೆಮನೆಯ ಮಡಕೆ ಹೊರಗೆ ಹಾಕಿಸಿ ಒಡೆಸಿದ, ರಾಗಿ ಬೇಡ ಅಂದ. ಅಯ್ಯ ಒಂದು ಹೊರೆ ಬೆಣ್ಣೆ ಹೊತ್ತುಕೊಂಡು ಬೆಟ್ಟ ಇಳಿದುಹೋದನಂತೆ.

ಆಮೇಲೇನು? ಹಾಲನ್ನು ಬಿದಿರ ಅಂಡೆಯಲ್ಲಿ ತುಂಬಿದರು. ಒಲೆ ಮೇಲಿಟ್ಟರೆ ಅಂಡೆ ಸುಟ್ಟುಹೋಯಿತು, ಇಡದಿದ್ದರೆ ಹಾಲು ಹುಳಿಯಿತು. ಸೂರ್ಯನ ಮಕ್ಕಳು ಹುಳಿಹಾಲು ಕುಡಿದು ಹೊಟ್ಟೆ ಹಿಡಕೊಂಡು ಪೊದೆ ಪೊದೆ ಹುಡುಕಿದರಂತೆ.

ಹೀಗಿರುವಾಗ ಕೇತನ ತಾಯಿ ಕೆಂಚಜ್ಜಿ ಹಾಸಿಗೆ ಹಿಡಿದಳು. ಕಾಲು ತಣ್ಣಗಾದವು, ಕಣ್ಣು ಮಂಜಾದವು. ಕೇತ ಬಾಯಿಗೆ ನೀರು ಬಿಟ್ಟ. ಮುದುಕಿ ನುಂಗಿ ಕೇಳಿದಳು: "ಕೊಂಬಿನವರಿಗೆ ಹೇಳಿಕಳಿಸಿದೆಯೇನೋ?"

"ಅವರನ್ನ ಕರೆಯೋ ಹಂಗಿಲ್ಲವ್ವಾ. ನಾವು ಸೂರ್ಯನ ಮಕ್ಕಳು."

"ಹಂಗಾದರೆ ನಾನು ಸಾಯೋ ಹಂಗೂ ಇಲ್ಲ," ಅಂದು ಮುದುಕಿ ಗೋಡೆ ಕಡೆ ತಿರುಗಿ ಮಲಗಿದಳಂತೆ.

ಕೇತ ಹಠ ಬಿಡಲಿಲ್ಲ. ಸತ್ತ ಎಮ್ಮೆಯ ಕೊಂಬು ತಂದ, ತೂತು ಕೊರೆದ, ಅಂಗಳದಲ್ಲಿ ನಿಂತು ಕೆನ್ನೆ ಉಬ್ಬಿಸಿ ಊದಿದ. ಎಂಥ ದನಿ ಅಂತೀರಿ! ಕೊಟ್ಟಿಗೆಯ ಎಮ್ಮೆಗಳು ಹಗ್ಗ ಹರಿದುಕೊಂಡು ಗುಡ್ಡ ಹತ್ತಿದವು. ಒಳಗಿಂದ ಕೆಂಚಜ್ಜಿ ಕೂಗಿದಳು: "ಯಾವ ಎಮ್ಮೆ ಈಯ್ತಾ ಇದೆಯೋ, ಪಾಪ? ಯಾರಾದರೂ ಹೋಗಿ ಕರು ಎಳೀರೋ!"

ಕೇರಿಯವರು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ಕೇತನಿಗೆ ಅಳು ಬಂತು. "ಏನು ಮಾಡಲವ್ವಾ?" ಅಂದ.

"ಹೊತ್ತುಕೋ ನನ್ನ. ನಡಿ ಕೆಳಕ್ಕೆ."

ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ಯಜಮಾನ ಬೆಟ್ಟ ಇಳಿದನಂತೆ. ನಡುದಾರಿಯಲ್ಲಿ ರಾಗಿಯವರ ಯಜಮಾನಿ ದುಂಡವ್ವ ಕುಡುಗೋಲು ಹಿಡಿದು ಅಡ್ಡ ನಿಂತಳು. "ಅಜ್ಜಿ ಹೋಗಲಿ. ನೀನು ಕಾಲಿಟ್ಟರೆ ನಮ್ಮ ಹೊಲ ಮೈಲಿಗೆ."

"ಅಜ್ಜಿಗೆ ನಡೆಯಕ್ಕಾಗಲ್ಲ ಕಣವ್ವಾ. ಕಾಲು ನಂದೇ."

"ನಾವು ಸೂರ್ಯನ ಮಕ್ಕಳು ಕಣಯ್ಯಾ!"

"ನೀವಾ? ಸೂರ್ಯನ ಮಕ್ಕಳು ನಾವು! ಅಯ್ಯನೇ ಹೇಳಿದಾನೆ."

"ನಮಗೂ ಅಯ್ಯನೇ ಹೇಳಿದ್ದು. ಒಂದು ಮೂಟೆ ರಾಗಿ ಹೊತ್ತುಕೊಂಡು ಹೋದ."

ಬೆನ್ನ ಮೇಲಿದ್ದ ಕೆಂಚಜ್ಜಿ ಕೆಮ್ಮಿದಳು. ಕೆಮ್ಮೋ, ನಗುವೋ, ಕೇತನಿಗೆ ತಿಳೀಲಿಲ್ಲ. ಸಾಯೋ ಮುದುಕಿಯ ದಾರಿ ಕಟ್ಟೋದು ಹೆಂಗೆ ಅಂತ ದುಂಡವ್ವ ಪಕ್ಕಕ್ಕೆ ಸರಿದಳು. ಪೈರು ತುಳಿದಾನು ಅಂತ ಕಾವಲಿಗೆ ತಾನೂ ಹಿಂದೆಯೇ ಇಳಿದಳಂತೆ.

ಕೊಂಬಿನವರ ಕೇರಿಯಲ್ಲಿ ಮಡಕೆಗಳನ್ನು ಅಟ್ಟದೆತ್ತರ ಪೇರಿಸಿದ್ದರು. ಒಳಗೆ ಹಾಕೋಕೆ ಮಾತ್ರ ಕಾಳಿಲ್ಲ, ಹಾಲಿಲ್ಲ. ಅವರ ಯಜಮಾನ ಕುಂಬ ಎಲುಬಿನ ಹಂದರವಾಗಿ ಜಗಲಿಗೆ ಒರಗಿದ್ದ. ಇವರನ್ನು ಕಂಡವನೇ, "ಅಲ್ಲೇ ನಿಲ್ಲಿ, ಒಳಗೆ ಬರಬೇಡಿ. ನಾವು ಸೂರ್ಯನ—"

"ಬಾಯಿ ಮುಚ್ಚೋ!" ಅಂದಳು ಕೆಂಚಜ್ಜಿ. "ಆ ಸೂರ್ಯನಿಗೆ ಬೇರೆ ಕೆಲಸವೇ ಇಲ್ಲವೇನೋ, ಈ ಬೆಟ್ಟಕ್ಕೆ ಬಂದು ಬಂದು ಮಕ್ಕಳು ಹುಟ್ಟಿಸೋಕೆ? ಕೇತಾ, ಇಳಿಸು ನನ್ನ. ನೀನು ಹುಟ್ಟಿದಾಗ ನನ್ನ ಎದೆ ಬತ್ತಿತ್ತು. ಕೊಟ್ಟಿಗೆ ತುಂಬ ಎಮ್ಮೆ ಇದ್ದರೂ ಆ ಹಾಲು ನಿನಗೆ ಸೇರಲಿಲ್ಲ. ಈ ಕುಂಬನ ತಾಯಿ ಒಂದು ಮೊಲೆ ಇವನಿಗೆ, ಒಂದು ಮೊಲೆ ನಿನಗೆ ಕೊಟ್ಟಳು. ಮಡಕೆ ಒಡೆದೆಯಲ್ಲ, ಆ ಹಾಲನ್ನ ಎಲ್ಲಿ ಕಕ್ಕುತ್ತೀಯ?"

ಕೇತನ ಮುಖ ಸುಟ್ಟ ಬದನೇಕಾಯಿ ಆಯಿತು. ಕುಂಬ ಕಿಸಕ್ಕನೆ ನಕ್ಕ.

"ನೀನೇನು ನಗ್ತೀಯ? ನಿನ್ನ ತಾಯಿ ಇಬ್ಬರಿಗೆ ಹಾಲೂಡಿದ್ದು ನನ್ನ ಮಜ್ಜಿಗೆ ಕುಡಿದು, ಈ ದುಂಡವ್ವನ ಅತ್ತೆ ಬೀಸಿದ ಹಿಟ್ಟು ಉಂಡು. ಊದು ಕೊಂಬು. ನನಗೆ ಹೊತ್ತಾಯಿತು."

ಕುಂಬ ತಲೆ ತಗ್ಗಿಸಿ ಕೊಂಬು ಎತ್ತಿಕೊಂಡ. ಊದಿದ. ಗಾಳಿ ಬಂತೇ ಹೊರತು ದನಿ ಬರಲಿಲ್ಲ. "ಉಸಿರಿಲ್ಲ ಅಜ್ಜೀ," ಅಂದ ಸಣ್ಣಗೆ. "ಹಿಟ್ಟು ಕಂಡು ವಾರವಾಯಿತು."

ದುಂಡವ್ವ ಕುಡುಗೋಲು ಅಲ್ಲೇ ಎಸೆದು ಮೇಲಕ್ಕೆ ಓಡಿದಳು, ಸೆರಗಿನಲ್ಲಿ ರಾಗಿಹಿಟ್ಟು ತಂದಳು. ಕೇತ ತನ್ನ ಹಟ್ಟಿಗೆ ಓಡಿ ಆಗ ತಾನೇ ಕರೆದ ಹಾಲು ತಂದ. ಕುಂಬನ ಹೆಂಡತಿ ಹೊಸ ಮಡಕೆ ಒಲೆಗಿಟ್ಟು ಅಂಬಲಿ ಕಾಯಿಸಿದಳು. ಕುಂಬ ಕುಡಿದ. ಕೇತನೂ ಕುಡಿದ, ಎರಡು ಸಲ ಹಾಕಿಸಿಕೊಂಡ. ಅವನ ಹೊಟ್ಟೆಯೂ ಬೆನ್ನಿಗೆ ಹತ್ತಿತ್ತಲ್ಲ!

ಆಮೇಲೆ ಕುಂಬ ಎದ್ದು ನಿಂತು ಊದಿದನಂತೆ. ಆ ದನಿ ಕಾಡಿಂದ ಎದ್ದು ಹೊಲ ದಾಟಿ ನೆತ್ತಿಗೆ ಮುಟ್ಟಿತು. ಕೆಂಚಜ್ಜಿ ಜಗಲಿಗೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳಿದಳು. "ನಿಮ್ಮಪ್ಪ ಇನ್ನೂ ಚೆನ್ನಾಗಿ ಊದೋನು," ಅಂದಳು. ಅಷ್ಟು ಹೇಳಿ ಹೋಗಿಬಿಟ್ಟಳು. ಎದೆ ಮುಂದೆ ಮಾಡಿಕೊಂಡು ತಿರುಗುತ್ತಿದ್ದ ಕೇತ ಅವಳ ಕಾಲು ಹಿಡಿದು ಹಾಲುಗೂಸಿನ ಹಂಗೆ ಅತ್ತನಂತೆ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಕುಂಬ ಮೊದಲಿಗನಂತೆ.

ಅವತ್ತಿಂದ ಮತ್ತೆ ಹಾಲು ಕೆಳಕ್ಕೆ ಇಳಿಯಿತು, ಮಡಕೆ ಮೇಲಕ್ಕೆ ಹತ್ತಿತು, ರಾಗಿ ಎರಡು ಕಡೆಗೂ ಹೋಯಿತು. ದೇವರು ಮೊದಲು ಮಾಡಿದ್ದು ನಮ್ಮನ್ನೇ ಅನ್ನೋದನ್ನ ಮಾತ್ರ ಯಾರೂ ಬಿಡಲಿಲ್ಲ. ಆದರೆ ಉಂಡು ಕೈ ತೊಳೆದ ಮೇಲೆ ಹೇಳೋರಂತೆ, ಅದೂ ಮೆಲ್ಲಗೆ.

ಬೆಟ್ಟದವರು ಬೆಟ್ಟದಲ್ಲಿ ಬುದ್ಧಿ ಕಲಿತರು. ಬಯಲಿನವರು ನಾವು ಕಥೆ ಕೇಳಿದೆವು, ಅಷ್ಟೇ.