ಗಂಜಿ ಉಂಡ ಎಳೆಗಳು

ಹಂಪಮ್ಮನ ಮಗ್ಗಕ್ಕೆ ತನ್ನ ವೇಗದ ಮೇಲೆ ಬಲು ಜಂಬ. ಆದರೆ ಈಚೆಗೆ ಅದರ ಮೇಲೆ ಹಾಸಿದ ಎಳೆಗಳು ದಿನಕ್ಕೆ ಹತ್ತು ಸಲ ತುಂಡಾಗುತ್ತಿದ್ದವು. ಮಗ್ಗಕ್ಕೆ ರೇಗಿತು. "ಹಿಂದಿನವರು ಹೀಗಿರಲಿಲ್ಲ. ನಿಮ್ಮ ಮನಸ್ಸೇ ಗಟ್ಟಿಯಿಲ್ಲ. ಇನ್ನು ದಿನಾ ಕೆಲಸಕ್ಕೆ ಮೊದಲು ಎಲ್ಲರೂ 'ನಾವು ತುಂಡಾಗುವುದಿಲ್ಲ' ಎಂದು ಹೇಳಬೇಕು" ಎಂದಿತು.

ಎಳೆಗಳು ಹೇಳಿದವು. ಹೇಳಿ ಮುಗಿಸುವಷ್ಟರಲ್ಲಿ ಎರಡು ತುಂಡಾದವು.

ಮುಂದಿನ ಸರದಿ ತನ್ನದೇ ಎಂದು ಅಂಚಿನ ಕೆಂಪೆಳೆಗೆ ಗೊತ್ತಿತ್ತು. ಅದು ಬಾಯಿಬಿಟ್ಟಿತು. "ಯಜಮಾನರೇ, ಹಿಂದಿನವರಿಗೆ ನೇಯುವ ಮುನ್ನ ಗಂಜಿ ಉಣಿಸುತ್ತಿದ್ದರು. ನಿಮ್ಮ ಅವಸರಕ್ಕೆ ಅದು ತಪ್ಪಿತು. ನಮ್ಮದು ಬರಿಹೊಟ್ಟೆ."

"ಗಂಜಿ ಹಚ್ಚಿ ಒಣಗಿಸಲು ಒಂದು ಹಗಲು ಬೇಕು. ಅಷ್ಟು ಹೊತ್ತು ಕೆಲಸ ನಿಂತರೆ ಹೇಗೆ?"

"ಗಂಟು ಹಾಕುವುದರಲ್ಲೇ ಈ ವಾರ ಎರಡು ಹಗಲು ಹೋದವಲ್ಲ."

ಹಂಪಮ್ಮ ಎಷ್ಟು ತುಳಿದರೂ ಮಗ್ಗ ಅಲ್ಲಾಡದೆ ನಿಂತುಬಿಟ್ಟಿತು. ಆಕೆ ಎಳೆಗಳ ಮೇಲೆ ಕೈಯಾಡಿಸಿ, "ಅಯ್ಯ, ಇವಕ್ಕ ಗಂಜೀನೇ ಕುಡಿಸಿಲ್ಲಲ್ಲ" ಎಂದು ಒಲೆ ಹಚ್ಚಿದಳು.

ಮರುದಿನ ಮಗ್ಗ ಇದ್ದ ಬಲವನ್ನೆಲ್ಲ ಹಾಕಿ ಬಡಿಯಿತು. ಕೆಂಪೆಳೆ ಉಸಿರು ಬಿಗಿಹಿಡಿದಿತ್ತು. ಏಟು ಬಿತ್ತು. ಅದು ಬಾಗಿತು, ಮತ್ತೆ ನೆಟ್ಟಗಾಯಿತು. ನೂರನೆಯ ಏಟಿಗೆ ಅದಕ್ಕೆ ನಗುವೇ ಬಂತು. ಮೂರನೆಯ ದಿನ ಹೊಸ ಗಂಟು ಒಂದೂ ಬೀಳದೆ ಸೀರೆ ಕೆಳಗಿಳಿಯಿತು; ಓಣಿಯವರೆಲ್ಲ ಬಂದು ಮುಟ್ಟಿ ಮುಟ್ಟಿ ನೋಡಿದರು.

ಮಗ್ಗಕ್ಕೆ ಹೊಸ ಎಳೆಗಳು ಏರಿದವು. ಏನು ಬೈಗುಳ ಕಾದಿದೆಯೋ ಎಂದು ಅವು ನಡುಗುತ್ತಿದ್ದವು. ಮಡಿಸಿದ ಸೀರೆಯೊಳಗಿಂದ ಕೆಂಪೆಳೆ ಕಿವಿಗೊಟ್ಟಿತು.

ಮಗ್ಗ ಗಂಟಲು ಸರಿಮಾಡಿಕೊಂಡು ಕೇಳಿತು, "ಎಲ್ಲರದೂ ಊಟ ಆಯಿತೇ?"