ಕಾರಿನೊಳಗಿನ ನಾತ

ಬಳ್ಳಾರಿಯ ಗುತ್ತಿಗೆದಾರ ಚನ್ನವೀರಗೌಡರ ಕಾರಿನೊಳಗೆ ತಡೆಯಲಾರದ ನಾತ. "ಇದು ನಿನ್ನ ಮೈದೇ. ದಿನಾ ಎರಡು ಸಲ ಜಳಕ ಮಾಡು, ಇಲ್ಲಾಂದ್ರೆ ಬೇರೆ ಡ್ರೈವರ್ ನೋಡ್ತೀನಿ" ಎಂದರು ಡ್ರೈವರ್ ಹೊನ್ನೂರಪ್ಪನಿಗೆ.

ಹೊನ್ನೂರಪ್ಪ ವಾರವಿಡೀ ಎರಡೆರಡು ಸಲ ಮಿಂದು ಸುಸ್ತಾದ. ಬೈಗುಳ ನಿಲ್ಲಲಿಲ್ಲ. ಭಾನುವಾರ ಗೌಡರ ಅಂಗಳದಲ್ಲೇ ಡ್ಯಾಶ್‌ಬೋರ್ಡಿನ ಖಾನೆ ಕಳಚಿ, ಅದರ ಹಿಂದಿದ್ದ ಎ.ಸಿ. ಫಿಲ್ಟರ್ ತೆಗೆದು ಹೊಸದು ಹಾಕಿದ. ಹಳೆಯದರ ತುಂಬ ಕೆಂಧೂಳು, ಇಲಿಹಿಕ್ಕೆ. ಅದನ್ನು ಟವೆಲ್ಲಿನಲ್ಲಿ ಸುತ್ತಿ ಗೌಡರ ಮುಂದೆ ಹಿಡಿದ.

ಗೌಡರು ಮೂಗು ಮುಚ್ಚಿಕೊಂಡರು. "ಇದೇ ನಾತ. ನಿನ್ನ ಅಂಗಿ ತಾನೆ?"

"ಇನ್ನೊಮ್ಮೆ ಮೂಸಿ ಹೇಳ್ರಿ ಸಾಹೇಬ್ರೆ."

"ಇದೇ, ಅನುಮಾನವೇ ಇಲ್ಲ."

ಹೊನ್ನೂರಪ್ಪ ಟವೆಲ್ ಬಿಚ್ಚಿದ. "ಇದು ನಿಮ್ಮ ಕಾರಿನ ಫಿಲ್ಟರ್."

ಗೌಡರು ಅದನ್ನು ಬೆರಳ ತುದಿಯಿಂದ ಆಚೆ ತಳ್ಳಿದರು. "ಬದಲಿಸೋದು ಕಷ್ಟವೇನು?"

"ಹತ್ತು ನಿಮಿಷದ ಕೆಲಸ, ಆಗಲೇ ಹೊಸದು ಹಾಕೀನಿ. ಡ್ರೈವರನ್ನ ಬದಲಿಸಿದ್ರೂ ನಾತ ಹೋಗ್ತಿರಲಿಲ್ಲ ಸಾಹೇಬ್ರೆ."